ಧಾರವಾಡದ ಬಾಡಿಗೆ ಮನೆ: 72 ಲಕ್ಷದ ಬೆಲೆ, 52 ಲಕ್ಷದ ಲೆಕ್ಕ

ಏಜೆಂಟರ ಲೆಕ್ಕ ಒಂದೇ ಸಾಲಿನದು: “ತಿಂಗಳಿಗೆ ಮೂವತ್ತಾರೂವರೆ ಸಾವಿರ ಬಾಡಗಿ ಬರತೈತ್ರೀ ಸರ್ರ, ಇಎಂಐ ತಾನ ತೀರತೈತಿ.” ಮೊದಲ ಸಲ ಬಾಡಿಗೆಗೆಂದು ಮನೆ ಕೊಳ್ಳಲು ಹೊರಟ ಎಲ್ಲರಿಗೂ ಈ ಸಾಲು ಕಿವಿಗೆ ಬಿದ್ದಿರುತ್ತದೆ. ಆ ಮಾತು ಎಲ್ಲೆಲ್ಲಿ ಸವೆಯುತ್ತದೆ ಎಂಬುದನ್ನು ಒಂದು ಮನೆಯ ಮೇಲೆ ಪೂರ್ತಿ ಹಾಕಿ ನೋಡಿದ್ದೇವೆ. ಮನೆ, ಕೊಳ್ಳುವವರು, ಬೆಲೆ, ಬಾಡಿಗೆ ಇವು ಮಾದರಿಗಾಗಿ ಹೊಂದಿಸಿದವು. ನಿಯಮ, ಶುಲ್ಕ ಮತ್ತು ಲೆಕ್ಕದ ದಾರಿ ನಿಜವಾದವು.

ಮನೆ ಧಾರವಾಡದಲ್ಲಿದೆ, ಸಪ್ತಾಪುರದ ಕೋಚಿಂಗ್ ಸೆಂಟರುಗಳಿಗೆ ನಡೆದೇ ಹೋಗುವಷ್ಟು ದೂರ. 30×40ರ ಪ್ಲಾಟು, ಅಂದರೆ 1,200 ಚದರಡಿ, ಒಂದು ಗುಂಟೆಗಿಂತ (1,089 ಚದರಡಿ) ಸ್ವಲ್ಪ ಹೆಚ್ಚು. ಕಟ್ಟಡಕ್ಕೆ ಹದಿನೆಂಟು ವರ್ಷ. ಕೆಳಗೆ ಎರಡು ಬೆಡ್‌ರೂಮಿನ ಮನೆ, ಅದರ ಮೇಲೆ ಇನ್ನೊಂದು ಮನೆ, ಎರಡೂ ಸೇರಿ 1,650 ಚದರಡಿ. ಅದರ ಮೇಲೆ ತಗಡಿನ ಚಾವಣಿಯ ಮೂರು ರೂಮು, ಸ್ಪರ್ಧಾತ್ಮಕ ಪರೀಕ್ಷೆ ಓದುವ ಹುಡುಗರಿಗೆ. ಕೇಳಿದ ಬೆಲೆ 72 ಲಕ್ಷ.

ಕೊಳ್ಳುವವರು ಹುಬ್ಬಳ್ಳಿಯ ದಂಪತಿ. ಆಕೆ ಸರ್ಕಾರಿ ಹೈಸ್ಕೂಲಿನ ಶಿಕ್ಷಕಿ, ವಯಸ್ಸು 38, ಕೈಗೆ ಬರುವ ಸಂಬಳ 68,000. ಪತಿಯದು ಔಷಧಿ ಅಂಗಡಿ, ಐಟಿ ರಿಟರ್ನ್‌ನಲ್ಲಿ ತೋರಿಸಿದ ಆದಾಯ ವರ್ಷಕ್ಕೆ 4.8 ಲಕ್ಷ. ಕಾರಿನ ಕಂತು 7,500. ಹಳೆಯ ಪ್ಲಾಟೊಂದನ್ನು ಮಾರಿ ಇಟ್ಟ ಹಣ ಸೇರಿ ಎಫ್‌ಡಿಯಲ್ಲಿ 24 ಲಕ್ಷ. ಅದರಲ್ಲಿ ನಾಲ್ಕು ಲಕ್ಷವನ್ನು ಆಪತ್ತಿಗೆಂದು ಮುಟ್ಟದೆ ಬಿಟ್ಟರೆ ಕೈಯಲ್ಲಿರುವುದು 20 ಲಕ್ಷ.

ಬಾಡಿಗೆ: ಹೇಳಿದ್ದು, ಬರುವುದು

ಮಾರುವವರ ಪಟ್ಟಿ ಹೀಗಿತ್ತು: ಕೆಳಗಿನ ಮನೆ 11,000, ಮೊದಲ ಮಹಡಿ 12,000, ಮೇಲಿನ ರೂಮುಗಳು ತಲಾ 4,500ರಂತೆ 13,500. ಒಟ್ಟು 36,500. ವರ್ಷಕ್ಕೆ 4.38 ಲಕ್ಷ. 72 ಲಕ್ಷದ ಮೇಲೆ ಶೇ 6.08. ಏಜೆಂಟರು ಆರು ಪರ್ಸೆಂಟು ಎನ್ನುವುದು ಇದನ್ನೇ.

ಕೆಳಗಿನ ಮನೆಯಲ್ಲಿ ಮಾಲೀಕರೇ ಇದ್ದಾರೆ, ಆದ್ದರಿಂದ ಆ 11,000 ಯಾರೂ ಎಂದೂ ಕೊಟ್ಟ ಹಣವಲ್ಲ. ಓಣಿಯಲ್ಲಿ “ಮನೆ ಬಾಡಿಗೆಗೆ ಇದೆ” ಎಂಬ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಕೇಳುವ ಬಾಡಿಗೆ ಗೊತ್ತಾಗುತ್ತದೆ. ಕೊಡುವ ಬಾಡಿಗೆ ಗೊತ್ತಾಗಬೇಕಾದರೆ ಈಗಾಗಲೇ ಇರುವ ಬಾಡಿಗೆದಾರರನ್ನು ಕೇಳಬೇಕು. ಅದೇ ಅಳತೆಯ ಮನೆಗಳಲ್ಲಿ ನಾಲ್ಕೈದು ಕಡೆ ವಿಚಾರಿಸಿದಾಗ 9,500ರ ಆಸುಪಾಸು ಬಂತು.

ಮೊದಲ ಮಹಡಿಯ ವಿಷಯ ಬೇರೆ. “ಬಾಡಗಿ ಎಷ್ಟ್ ಕೊಡ್ತೀರಿ ಅಕ್ಕಾರ?” ಎಂದರೆ ಬಂದ ಉತ್ತರ: “ನಾವು ಬಾಡಗಿ ಕೊಡಂಗಿಲ್ರೀ, ಲೀಸಿಗೆ ಅದೀವಿ. ಐದು ಲಕ್ಷ ಕೊಟ್ಟೀವಿ.” ಅಂದರೆ ಇಡಿಗಂಟು ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಐದು ಲಕ್ಷ ವಾಪಸ್ ಪಡೆಯುವ ಕರಾರು. ಸ್ಟಾಂಪ್ ಪೇಪರಿನ ಮೇಲಿದೆ, ನೋಂದಣಿಯಾಗಿಲ್ಲ, ಹಾಗಾಗಿ ಋಣಭಾರ ಪ್ರಮಾಣಪತ್ರದಲ್ಲಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ, ಇಸಿ) ಇದು ಕಾಣುವುದೇ ಇಲ್ಲ. ಸುಮ್ಮನೆ ಕೊಂಡರೆ ಹೊಸ ಮಾಲೀಕರ ತಲೆಗೆ ಎರಡು ಹೊರೆ: ಬಾಡಿಗೆ ಸೊನ್ನೆ, ಮೇಲೆ ಐದು ಲಕ್ಷದ ಬಾಕಿ. ಕಾಗದ ಎಷ್ಟೇ ಚೊಕ್ಕ ಇರಲಿ, ಒಳಗಿರುವವರನ್ನು ಮಾತಾಡಿಸದೆ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ. ಇದನ್ನು ತೆಗೆದು ಸಾಮಾನ್ಯ ಬಾಡಿಗೆಗೆ ಕೊಟ್ಟರೆ 10,000 ಬರಬಹುದು.

ಮೇಲಿನ ರೂಮುಗಳ ಬಾಡಿಗೆ ನೇಮಕಾತಿ ಅಧಿಸೂಚನೆಯ ಜೊತೆ ಏರಿಳಿಯುತ್ತದೆ. ಪಿಎಸ್‌ಐ, ಕೆಎಎಸ್, ಶಿಕ್ಷಕರ ನೇಮಕಾತಿ ಎಂದು ಸುದ್ದಿ ಬಂದರೆ ರೂಮು ಸಿಗುವುದಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತೆಂದರೆ ಹುಡುಗರು ಊರಿಗೆ ಹೊರಡುತ್ತಾರೆ. ಮಾಲೀಕರಿಂದ ಹನ್ನೆರಡು ತಿಂಗಳ ಯುಪಿಐ ಜಮಾ ತೋರಿಸಿ ಎಂದು ಕೇಳಿದಾಗ ಸಿಕ್ಕಿದ್ದು ತಲಾ 3,800, ಅದೂ ಎಂಟು ತಿಂಗಳದ್ದು ಮಾತ್ರ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತು ಓದುವುದು ಯಾರಿಗೂ ಸುಲಭವಲ್ಲ, ಅದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಕುಟುಂಬಗಳಿಗೆ ಕೊಡುವ ಮನೆಗೆ ವರ್ಷಕ್ಕೆ ಹನ್ನೊಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವುದರೊಳಗೆ ಸುಣ್ಣ-ಬಣ್ಣಕ್ಕೆ ತಿಂಗಳು ಹೋಗುತ್ತದೆ. ಕೆಳಗೆ 1,04,500, ಮೊದಲ ಮಹಡಿ 1,10,000, ಮೇಲಿನ ರೂಮು 91,200. ಒಟ್ಟು 3,05,700.

ಇದರಲ್ಲಿ ಖರ್ಚು ಕಳೆಯಬೇಕು: ಆಸ್ತಿ ತೆರಿಗೆ 9,000 (ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ), ನೀರು ಮತ್ತು ಒಳಚರಂಡಿ 4,800, ಮೋಟಾರು, ಮೆಟ್ಟಿಲು ದೀಪ ಸೇರಿ ಕರೆಂಟು 9,600, ಬೇಸಿಗೆಯ ಟ್ಯಾಂಕರ್ 6,000, ವಿಮೆ 4,000, ಬಾಡಿಗೆದಾರರನ್ನು ಹುಡುಕಿಕೊಡುವ ಏಜೆಂಟರ ಕಮಿಷನ್ 10,000, ದುರಸ್ತಿ 36,000. ಹೊಸಬರು ಬರೆಯದೆ ಬಿಡುವುದು ಕೊನೆಯದನ್ನೇ. ಹದಿನೆಂಟು ವರ್ಷದ ಮನೆಯಲ್ಲಿ ಒಂದು ವರ್ಷ ಮೋಟಾರು, ಇನ್ನೊಂದು ವರ್ಷ ಬಾತ್‌ರೂಮಿನ ಪೈಪು, ಮತ್ತೊಂದು ವರ್ಷ ಬಣ್ಣ, ಹೀಗೆ ಏನಾದರೊಂದು ಬಂದೇ ಬರುತ್ತದೆ. ಒಟ್ಟು ಖರ್ಚು 79,400. ಉಳಿಯುವುದು 2,26,300.

ಮನೆಯ ನಿಜವಾದ ಬೆಲೆಯೂ 72 ಅಲ್ಲ. ನಗರದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2. ಕೂಡಿದರೆ ಶೇ 7.6, ಅಂದರೆ 5.47 ಲಕ್ಷ. ವಕೀಲರು, ಬ್ಯಾಂಕಿನ ಶುಲ್ಕ, ವ್ಯಾಲ್ಯುಯರ್ ಎಲ್ಲ ಸೇರಿ 45,000. ಕೊಂಡ ಕೂಡಲೇ ಮಾಡಿಸಬೇಕಾದ ದುರಸ್ತಿ 2.5 ಲಕ್ಷ. ಹೀಗೆ 80.42 ಲಕ್ಷ ಹಾಕಿದರೆ ವರ್ಷಕ್ಕೆ 2.26 ಲಕ್ಷ. ಶೇ 2.8. ಆರು ಪರ್ಸೆಂಟು ಅರ್ಧಕ್ಕಿಂತ ಕೆಳಗಿಳಿಯಿತು, ಇನ್ನೂ ಬ್ಯಾಂಕಿನ ಬಾಗಿಲು ಬಡಿದಿಲ್ಲ.

ಗೋಡೆ, ನೀರು, ಮೀಟರು

ಹುಬ್ಬಳ್ಳಿ, ನವಲಗುಂದ ಕಡೆಯ ಎರೆ ನೆಲದಲ್ಲಿ ಕಟ್ಟಿದ ಮನೆಯಾದರೆ ಮೊದಲು ನೋಡಬೇಕಾದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಪಾಯ ಅದರೊಂದಿಗೆ ಅಲುಗಾಡುತ್ತದೆ. ಬಿರುಕು ಒಳಗೂ ಹೊರಗೂ ಒಂದೇ ಜಾಗದಲ್ಲಿದ್ದರೆ ಅದು ಬರೀ ಗಿಲಾವಿನದಲ್ಲ. ಈ ಮನೆ ಗರಸು ನೆಲದ ಮೇಲಿತ್ತು, ಪಾಯ ಗಟ್ಟಿಯೇ.

ತೊಂದರೆ ಮೇಲಿನಿಂದ ಬಂದಿತ್ತು. ಮೊದಲ ಮಹಡಿಯ ಹಾಲ್‌ನಲ್ಲಿ ನಿಂತು ಚಾವಣಿ ನೋಡಿದರೆ ಒಂದು ಬಿರುಕು ಗೋಡೆಯಿಂದ ಗೋಡೆಗೆ ನೇರ ಗೆರೆಯಂತೆ ಓಡಿದೆ. ಟೇಪ್ ಹಿಡಿದು ಅಳೆದರೆ ಅದು ಮೇಲಿನ ಎರಡು ರೂಮುಗಳ ನಡುವಿನ ಗೋಡೆಯ ಕೆಳಗೇ ಬರುತ್ತದೆ. ಅಲ್ಲಿ ಬೀಮ್ ಇಲ್ಲ; ಆರು ಇಂಚಿನ ಬ್ಲಾಕ್ ಗೋಡೆಯನ್ನು ಬರೀ ಸ್ಲ್ಯಾಬಿನ ಮೇಲೆ ಎಬ್ಬಿಸಿದ್ದಾರೆ. ಬಿರುಕಿನ ಗುಂಟ ಕಂದು ಬಣ್ಣದ ಕಲೆ, ಅಂದರೆ ನೀರು ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತಿದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಆ ಜಾಗ ಟೊಳ್ಳು ಸದ್ದು ಕೊಡುತ್ತದೆ. 3,500 ರೂಪಾಯಿ ಪಡೆದು ಬಂದು ನೋಡಿದ ಎಂಜಿನಿಯರರ ಸಲಹೆ ಸ್ಪಷ್ಟ: ಮೇಲಿನ ಗೋಡೆ ಇಳಿಸಿ, ಸಡಿಲ ಕಾಂಕ್ರೀಟ್ ಕೆತ್ತಿ, ಸರಳು ಉಜ್ಜಿ, ಮತ್ತೆ ಮುಚ್ಚಿ, ಮೇಲೆ ವಾಟರ್‌ಪ್ರೂಫಿಂಗ್. 2.5 ಲಕ್ಷದಲ್ಲಿ ಹೆಚ್ಚಿನ ಪಾಲು ಇದರದ್ದೇ.

ನೀರಿನ ಲೆಕ್ಕ ಸರಳ, ಆದರೂ ಯಾರೂ ಮಾಡುವುದಿಲ್ಲ. ಕೆಳಗೆ ನಾಲ್ವರು, ಮೊದಲ ಮಹಡಿಯಲ್ಲಿ ಮೂವರು, ಮೇಲೆ ಆರು ಹುಡುಗರು. ಹದಿಮೂರು ಮಂದಿಗೆ ತಲಾ 80 ಲೀಟರಿನಂತೆ ದಿನಕ್ಕೆ 1,040. ನೆಲದ ಸಂಪು ಮತ್ತು ಮೇಲಿನ ಟ್ಯಾಂಕು ಸೇರಿ 5,000 ಲೀಟರು, ಐದು ದಿನಕ್ಕೂ ಸಾಲದು. ಆ ಓಣಿಗೆ ನಲ್ಲಿ ನೀರು ಬರುವುದು ಆರು ದಿನಕ್ಕೊಮ್ಮೆ. ಟ್ಯಾಂಕರ್ ಖರ್ಚು ಹುಟ್ಟಿದ್ದು ಇಲ್ಲಿ.

ಹೆಸ್ಕಾಂ ಮೀಟರು ಎರಡೇ. ಮೇಲಿನ ರೂಮುಗಳಿಗೆ ಮೊದಲ ಮಹಡಿಯ ಆರ್‌ಆರ್ ನಂಬರಿನಿಂದಲೇ (ಬಿಲ್ಲಿನ ಸಂಪರ್ಕ ಸಂಖ್ಯೆ) ಸಬ್‌ಮೀಟರ್ ಎಳೆದಿದ್ದಾರೆ. ಗೃಹಜ್ಯೋತಿ ಬಂದ ಮೇಲೆ ಇದು ದೊಡ್ಡ ಜಗಳದ ಮೂಲ: ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ ಕಟ್ಟಬೇಕು. ಮೇಲಿನ ಹುಡುಗರು ಹೀಟರ್ ಹಾಕಿದ್ದಕ್ಕೆ ಮೊದಲ ಮಹಡಿಯ ಕುಟುಂಬ ಸೊನ್ನೆ ಬಿಲ್ ಕಳೆದುಕೊಳ್ಳುತ್ತದೆ. ಬಾಡಿಗೆದಾರರು ಈಗ ಮನೆ ನೋಡಲು ಬಂದರೆ “ಮೀಟರ್ ಬ್ಯಾರೆ ಐತೇನ್ರೀ?” ಎಂದು ಮೊದಲೇ ಕೇಳುತ್ತಾರೆ.

ಕಾಗದಪತ್ರ

ಸಂಚಕಾರವಾಗಿ (ಮುಂಗಡವಾಗಿ) ಎರಡು ಲಕ್ಷ ಕೊಟ್ಟು ಮನೆ ಹಿಡಿದುಕೊಳ್ಳಿ, ನಾಳೆ ಇನ್ನೊಬ್ಬರು ಬರುತ್ತಾರೆ ಎಂದು ಏಜೆಂಟರು ಅವಸರ ಮಾಡಿದರು. ಕೊಡಲಿಲ್ಲ. ಕಾಗದ ನೋಡುವ ಮೊದಲು ಸಂಚಕಾರ ಕೊಟ್ಟರೆ ಚೌಕಾಸಿಯ ಬಲ ಅಲ್ಲಿಗೇ ಮುಗಿಯುತ್ತದೆ. ಕೊಡಲೇಬೇಕಾಗಿ ಬಂದರೆ, ಬ್ಯಾಂಕಿನ ವಕೀಲರು ಒಪ್ಪದಿದ್ದಲ್ಲಿ ಪೂರ್ತಿ ವಾಪಸ್ ಎಂಬ ಷರತ್ತು ಬರೆಸಿ, ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಡಬೇಕು. ಆಸ್ತಿ ವ್ಯವಹಾರದಲ್ಲಿ 20,000 ಮತ್ತು ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷೇಧವಿದೆ, ಪಡೆದಷ್ಟೇ ದಂಡ.

ಮಾರುವವರು ತೋರಿಸಿದ್ದು ಇ-ಖಾತಾ ಮತ್ತು ತೆರಿಗೆ ರಸೀದಿ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಹಾಗಾಗಿ ಅದು ಬೇಕೇ ಬೇಕು. ಆದರೆ ಖಾತಾ ತೆರಿಗೆ ಯಾರು ಕಟ್ಟಬೇಕು ಎಂದು ಹೇಳುತ್ತದೆ, ಮನೆ ಯಾರದು ಎಂದು ತೀರ್ಮಾನಿಸುವುದಿಲ್ಲ. ಮಾಲೀಕತ್ವಕ್ಕೆ ಖರೇದಿ ಪತ್ರಗಳ ಸರಪಳಿ, ಸಿಟಿಎಸ್ ಉತಾರ (ನಗರ ಸರ್ವೆ ದಾಖಲೆಯ ಪ್ರತಿ), ಲೇಔಟಿನ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಪಾಲಿಕೆಯ ಕಟ್ಟಡ ಪರವಾನಗಿ ಮತ್ತು ಅದರ ನಕಾಶೆ ನೋಡಬೇಕು. ಊರ ಹೊರಗಿನ ಗ್ರಾಮ ಪಂಚಾಯ್ತಿ ಆಸ್ತಿಯಾದರೆ ನಮೂನೆ 9 ಮತ್ತು 11.

ಪ್ಲಾಟು ಕೊಂಡದ್ದು ಮಾರುವವರ ತಂದೆ, 1996ರಲ್ಲಿ. ಅವರು 2019ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಅದರ ಹಿಂದೆಯೇ ಹಿರಿಯ ಮಗ ವರ್ದಿ (ವಾರಸುದಾರನೆಂಬ ಅರ್ಜಿ) ಕೊಟ್ಟು ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಈಗ ಮಾರುತ್ತಿರುವುದೂ ಅವನೇ. ಆದರೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಇಬ್ಬರು ಗಂಡುಮಕ್ಕಳು, ಮಗಳು ನಾಲ್ವರಿಗೂ ಸಮ ಪಾಲು. ವಾಟ್ನಿ (ಪಾಲು ವಿಭಾಗ) ಪತ್ರವಾಗಲಿ ಹಕ್ಕು ಬಿಡುಗಡೆ ಪತ್ರವಾಗಲಿ ನೋಂದಣಿಯಾಗಿಲ್ಲ. “ತಂಗಿ ಪುಣೇದಾಗ ಅದಾಳ, ಆಕೀದೇನೂ ತಕರಾರಿಲ್ಲ” ಎಂಬ ಮಾತಿಗೆ ಉಪನೋಂದಣಿ ಕಚೇರಿಯಲ್ಲಿ ಬೆಲೆಯಿಲ್ಲ. ಆಕೆ ಬಂದು ಖರೇದಿ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಬಿಡುಗಡೆ ಪತ್ರ ಕೊಡಬೇಕು. ವರ್ಷಗಳ ನಂತರ ಕೋರ್ಟಿನ ನೋಟಿಸು ಬರುವುದು ಹೆಚ್ಚಾಗಿ ಇಂಥ ಜಾಗದಿಂದಲೇ.

ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆದರೆ 2004ರ ಏಪ್ರಿಲ್‌ನಿಂದೀಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಹಾಕಿದರು. ಕಾವೇರಿಯ ಪ್ರಮಾಣಪತ್ರದಲ್ಲಿ 2009ರದೊಂದು ಬೋಜಾ ಕಂಡಿತು, ಒಂದು ಸೌಹಾರ್ದ ಸಹಕಾರಿಯ ಅಡಮಾನ. ಸಾಲ ತೀರಿಸಿ ಎಷ್ಟೋ ವರ್ಷವಾಗಿದೆ, ಋಣಮುಕ್ತ ಪತ್ರ ಮಾತ್ರ ಯಾರೂ ಮಾಡಿಸಿರಲಿಲ್ಲ. ಸಣ್ಣ ಕೆಲಸ, ಆದರೆ ಅದಾಗದೆ ಯಾವ ಬ್ಯಾಂಕೂ ಹಣ ಬಿಡುವುದಿಲ್ಲ.

ಪರವಾನಗಿ ಇರುವುದು ನೆಲಮಹಡಿ ಮತ್ತು ಮೊದಲ ಮಹಡಿಗೆ ಮಾತ್ರ. ಮೇಲಿನ ಮೂರು ರೂಮು ನಕಾಶೆಯಲ್ಲೇ ಇಲ್ಲ. ಮುಂದೆ ಸಕ್ರಮ ಆಗುತ್ತದೆ ಎಂಬ ಸಮಾಧಾನ ಎಲ್ಲರೂ ಹೇಳುತ್ತಾರೆ. ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಆ ಭರವಸೆಗೆ ಬೆಲೆ ಕಟ್ಟಿ ಹಣ ಕೊಡುವಂತಿಲ್ಲ. ಸ್ಲ್ಯಾಬಿನ ಬಿರುಕೂ ಅದೇ ರೂಮುಗಳದ್ದು. ಆದ್ದರಿಂದ ಇಲ್ಲಿಂದ ಮುಂದೆ ಲೆಕ್ಕದಲ್ಲಿ ಮೇಲಿನ ಮಹಡಿ ಇಲ್ಲ. ಬಾಡಿಗೆ 2,14,500ಕ್ಕೆ ಇಳಿಯುತ್ತದೆ. ಟ್ಯಾಂಕರ್ ಬೇಡ, ಕರೆಂಟು ಮತ್ತು ದುರಸ್ತಿ ತಗ್ಗುತ್ತವೆ, ಖರ್ಚು 57,400. ಉಳಿಯುವುದು 1,57,100, ತಿಂಗಳಿಗೆ 13,092. ಒಟ್ಟು 80.42 ಲಕ್ಷದ ಮೇಲೆ ಶೇ 2ಕ್ಕೂ ಕಡಿಮೆ.

ಮೊದಲ ಮಹಡಿಯನ್ನೇ ಹುಡುಗರಿಗೆ ಕಾಟ್ ಲೆಕ್ಕದಲ್ಲಿ ಕೊಟ್ಟರೆ? ಆರು ಕಾಟು, ತಲಾ 2,800, ಒಂಬತ್ತು ತಿಂಗಳು, 1,51,200. ಕುಟುಂಬಕ್ಕೆ ಕೊಟ್ಟದ್ದಕ್ಕಿಂತ 41,200 ಹೆಚ್ಚು. ಅದರಲ್ಲಿ ನೀರು, ಸ್ವಚ್ಛತೆ, ಕಾಟು-ಹಾಸಿಗೆಯ ಸವೆತಕ್ಕೆ 24,000 ಹೋದರೆ ಉಳಿಯುವುದು 17,200. ಹುಬ್ಬಳ್ಳಿಯಲ್ಲಿ ಅಂಗಡಿ ನಡೆಸುವವರು ಅಷ್ಟಕ್ಕಾಗಿ ಧಾರವಾಡಕ್ಕೆ ಓಡಾಡುವುದು ವ್ಯರ್ಥ.

ಬ್ಯಾಂಕಿನ ಲೆಕ್ಕ

ಆಸ್ತಿ ಹುಡುಕುವ ಮೊದಲೇ ತಾತ್ವಿಕ ಮಂಜೂರಾತಿ ಪಡೆದಿಟ್ಟರೆ ಸಾಲದ ಮಿತಿ ಗೊತ್ತಿರುತ್ತದೆ. ಸರ್ಕಾರಿ ನೌಕರರು ನಡತೆ ನಿಯಮದಂತೆ ಸ್ಥಿರಾಸ್ತಿ ಕೊಳ್ಳುವ ಮುನ್ನ ಇಲಾಖೆಗೆ ತಿಳಿಸಬೇಕು, ಆ ಅರ್ಜಿಯನ್ನೂ ಆಗಲೇ ಹಾಕಿಬಿಡುವುದು ಒಳ್ಳೆಯದು.

ಮಿತಿ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಆದಾಯ: ಇಬ್ಬರದು ಸೇರಿ ತಿಂಗಳಿಗೆ 1,08,000. ಎಲ್ಲ ಕಂತುಗಳಿಗೆ ಅದರ ಅರ್ಧ, 54,000. ಕಾರಿನದು ಕಳೆದರೆ 46,500. ಶೇ 8.5 ಬಡ್ಡಿ, 20 ವರ್ಷದ ಅವಧಿಗೆ ಲಕ್ಷಕ್ಕೆ ಕಂತು 868 ರೂಪಾಯಿ. ಅಂದರೆ 53 ಲಕ್ಷದವರೆಗೆ ತೂಗುತ್ತದೆ. ಎರಡನೆಯದು ಆಸ್ತಿ: ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇ 90, 30ರಿಂದ 75 ಲಕ್ಷಕ್ಕೆ ಶೇ 80, ಅದಕ್ಕೂ ಮೇಲೆ ಶೇ 75. ಈ ದರ್ಜೆಯ ಮನೆಗಳಲ್ಲಿ ಮುದ್ರಾಂಕ, ನೋಂದಣಿ ಖರ್ಚು ಆ ಮೌಲ್ಯದಲ್ಲಿ ಸೇರುವುದಿಲ್ಲ. ಅದಕ್ಕೇ “ಶೇ 80 ಸಾಲ ಸಿಗುತ್ತದೆ, ಶೇ 20 ಸಾಕು” ಎಂದು ಬಂದವರು ನೋಂದಣಿಯ ದಿನ ಹತ್ತಿರವಾದಾಗ ಬಂಗಾರ ಅಡ ಇಡಲು ಓಡುತ್ತಾರೆ.

ಮೌಲ್ಯ ಎಂದರೆ ಕೇಳಿದ ಬೆಲೆಯೂ ಅಲ್ಲ. ವ್ಯಾಲ್ಯುಯರ್ ಹಾಕಿದ ಲೆಕ್ಕ: ಜಾಗ 1,200 ಚದರಡಿ, 3,600ರಂತೆ 43.2 ಲಕ್ಷ. ಕಟ್ಟಡ ಇಂದು ಕಟ್ಟಿಸಿದರೆ ಚದರಡಿಗೆ 1,700ರಂತೆ 28.05 ಲಕ್ಷ. ಅರವತ್ತು ವರ್ಷದ ಆಯಸ್ಸಿನಲ್ಲಿ ಹದಿನೆಂಟು ಕಳೆದಿದೆ, ಕೊನೆಗೂ ಉಳಿಯುವ ಶೇ 10 ಬೆಲೆ ಬಿಟ್ಟು ಲೆಕ್ಕ ಹಾಕಿದರೆ ಶೇ 27 ಸವಕಳಿ, ಉಳಿದದ್ದು 20.48 ಲಕ್ಷ. ಒಟ್ಟು 63.68. ಮೇಲಿನ ರೂಮುಗಳಿಗೆ ಸೊನ್ನೆ. ಬ್ಯಾಂಕು ಕರಾರಿನ ಬೆಲೆ, ಈ ಮೌಲ್ಯ ಎರಡರಲ್ಲಿ ಕಡಿಮೆಯದನ್ನು ಹಿಡಿಯುತ್ತದೆ. ಸಾಲ ಹೆಚ್ಚೆಂದರೆ 50.9 ಲಕ್ಷ. 80.42ಕ್ಕೆ ಇನ್ನೂ 29.5 ಲಕ್ಷ ಬೇಕು, ಇರುವುದು 20. ಲೀಸಿನ ಐದು ಲಕ್ಷವೂ ತಲೆಗೆ ಬಿದ್ದರೆ ಕೊರತೆ 14.5 ಲಕ್ಷ. ವೈಯಕ್ತಿಕ ಸಾಲ ತಗೊಂಡು ಇದನ್ನು ತುಂಬಿ ಎಂಬ ಸಲಹೆಯೂ ಬಂತು. ಐದು ವರ್ಷದೊಳಗೆ ತೀರಿಸಬೇಕಾದ, ಗೃಹಸಾಲಕ್ಕಿಂತ ದುಬಾರಿ ಸಾಲವನ್ನು ಶೇ 2 ಗಳಿಸುವ ಆಸ್ತಿಗೆ ಹಾಕುವುದು ಯಾವ ಲೆಕ್ಕಕ್ಕೂ ಕೂಡದು.

ವ್ಯಾಲ್ಯುಯೇಷನ್ ಕೈಗೆ ಬಂದ ಮೇಲೆ ಮಾತು ತಿರುಗಿತು. ಬಿರುಕಿನ ಫೋಟೊ, ಪರವಾನಗಿಯ ನಕಾಶೆ, 63.68ರ ಅಂಕಿ ಮುಂದಿಟ್ಟಾಗ 72 ಇದ್ದದ್ದು 64 ಆಯಿತು, ಎರಡನೆಯ ಭೇಟಿಗೆ 59. ಮಾರುವವರು ಕೊಟ್ಟ ಮಾತು: ಲೀಸಿನ ಐದು ಲಕ್ಷ ತಮ್ಮ ಹಣದಿಂದಲೇ ತೀರಿಸಿ ಮನೆ ಖಾಲಿ ಮಾಡಿಸುತ್ತೇವೆ, ನಾಲ್ವರೂ ಸಹಿ ಹಾಕುತ್ತಾರೆ. ಜೊತೆಗೇ ಒಂದು ಬೇಡಿಕೆ: “ಖರೇದಿ ಪತ್ರ ನಲವತ್ತೈದಕ್ಕ ಮಾಡೂಣ್ರಿ, ಉಳಿದದ್ದು ಕೈಯಾಗ ಕೊಡ್ರಿ.” ಇದರಿಂದ ಕೊಳ್ಳುವವರಿಗೆ ಶುಲ್ಕದಲ್ಲಿ ಉಳಿಯುವುದು 1.06 ಲಕ್ಷ. ಸಾಲದಲ್ಲಿ ಕಳೆಯುವುದು 14 ಲಕ್ಷದ ಶೇ 80, ಅಂದರೆ 11.2 ಲಕ್ಷ. ಮುಂದೆ ಮಾರುವಾಗ ಕೊಂಡ ಬೆಲೆ 45 ಎಂದೇ ದಾಖಲೆಯಲ್ಲಿರುವುದರಿಂದ ಆ 14 ಲಕ್ಷವೂ ಲಾಭವೆಂದು ತೆರಿಗೆಗೆ ಬರುತ್ತದೆ. ನಗದಿನ ದಂಡದ ವಿಷಯ ಮೇಲೆ ಹೇಳಿದ್ದೇವೆ. ಈ ಬೇಡಿಕೆಯನ್ನು ಅಲ್ಲಿಗೇ ಬಿಡಿಸಲಾಯಿತು.

59 ಲಕ್ಷ ಎಂದರೆ ಇನ್ನೊಂದು ಕೆಲಸವೂ ಇದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ (ಮಾರುವವರ ಲೆಕ್ಕದ ತೆರಿಗೆ) ಹಿಡಿದು ಕಟ್ಟಬೇಕು, ಇಲ್ಲಿ 59,000. ಮಾರುವವರು ನಾಲ್ವರಾದರೆ ತಲಾ ಪಾಲು ಐವತ್ತಕ್ಕಿಂತ ಕಡಿಮೆ ಎಂದು ಬಿಡುವಂತಿಲ್ಲ, ಒಟ್ಟು ಬೆಲೆಯೇ ಲೆಕ್ಕ. ಪ್ರತಿಯೊಬ್ಬರ ಪ್ಯಾನ್‌ಗೂ ಬೇರೆ ಬೇರೆ ನಮೂನೆ ತುಂಬಬೇಕು.

ಜಾಗ ಎಷ್ಟು ಏರಬೇಕು?

59ಕ್ಕೆ ಒಪ್ಪಿದರೆ: ಶುಲ್ಕ 4.48, ಇತರ 0.45, ದುರಸ್ತಿ 2.5. ಒಟ್ಟು 66.43 ಲಕ್ಷ. ಸಾಲ 47.2, ಕೈಯಿಂದ 19.23. ಹೊಂದುತ್ತದೆ. ಹೆಚ್ಚಿನವರು ನಿಲ್ಲುವುದು ಇಲ್ಲಿಯೇ. ಬ್ಯಾಂಕು ಕೊಡುತ್ತದೆ, ಕೈಯಲ್ಲಿ ಇದೆ, ಮುಗಿಯಿತು.

ಕಂತು 40,961. ಬಾಡಿಗೆಯಿಂದ 13,092. ಸಂಬಳದಿಂದ ತುಂಬಬೇಕಾದದ್ದು ತಿಂಗಳಿಗೆ 27,869. ಬಡ್ಡಿ ಶೇ 9.5 ಆದರೆ ಇನ್ನೂ 3,036 ಸೇರಿಸಿ.

ಅಸಲು ತೀರುವುದು ಉಳಿತಾಯವೇ ಎಂದು ವಾದಿಸಬಹುದು, ಅದು ಸರಿಯೂ ಹೌದು. ಅಸಲನ್ನು ಬಿಟ್ಟೇ ನೋಡೋಣ. ಮೊದಲ ವರ್ಷದ ಬಡ್ಡಿ ಸುಮಾರು 4 ಲಕ್ಷ. ಕೈಯಿಂದ ಹಾಕಿದ 19.23 ಲಕ್ಷ ಎಫ್‌ಡಿಯಲ್ಲೇ ಇದ್ದಿದ್ದರೆ ಶೇ 6.5ರಂತೆ ಬರುತ್ತಿದ್ದ 1.25 ಲಕ್ಷ ಹೋಯಿತು. ಕಟ್ಟಡ ವರ್ಷಕ್ಕೆ 42,000ದಷ್ಟು ಸವೆಯುತ್ತದೆ. ಇವುಗಳಿಂದ ಬಾಡಿಗೆಯ 1.57 ಕಳೆದರೆ ವರ್ಷದ ನಿಜವಾದ ಖರ್ಚು 4.10 ಲಕ್ಷ. ಇದನ್ನು ತುಂಬಿಕೊಡಬೇಕಾದದ್ದು ಜಾಗದ ಬೆಲೆ ಏರಿಕೆ. ಏಕೆಂದರೆ ಬೆಲೆ ಏರುವುದು ಜಾಗದ್ದು, ಗೋಡೆಯದ್ದಲ್ಲ. 43.2 ಲಕ್ಷದ ಜಾಗ ವರ್ಷಕ್ಕೆ ಶೇ 9.5ರಷ್ಟು ಏರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಶುಲ್ಕಕ್ಕೆ ಹೋದ ಐದು ಲಕ್ಷ ಇದರಲ್ಲಿ ಇನ್ನೂ ಬಂದಿಲ್ಲ.

ತೆರಿಗೆ ಉಳಿಯುತ್ತದಲ್ಲ ಎಂಬ ಮಾತು ಇಂಥ ಹೊತ್ತಿಗೆ ಬರುತ್ತದೆ. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು, ಬಡ್ಡಿ ಕಳೆಯಬಹುದು. ಹಳೆಯ ಪದ್ಧತಿಯಲ್ಲಾದರೆ ಹೀಗೆ ಬಂದ ನಷ್ಟದಲ್ಲಿ ಎರಡು ಲಕ್ಷದವರೆಗೆ ಸಂಬಳದ ಎದುರು ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಬಾಡಿಗೆ ಆದಾಯ ಸೊನ್ನೆಯಾಗುವವರೆಗೆ ಮಾತ್ರ, ಸಂಬಳಕ್ಕೆ ಮುಟ್ಟುವುದಿಲ್ಲ. ಈ ಶಿಕ್ಷಕಿಯ ವಾರ್ಷಿಕ ಆದಾಯ 12 ಲಕ್ಷದೊಳಗೇ ಇದೆ. 2025-26ರಿಂದ ಹೊಸ ಪದ್ಧತಿಯಲ್ಲಿ ಅವರಿಗೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ಯಾವ ಸಾಲಕ್ಕೂ ಆಗದು.

ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿದರು. ಜಾಗದ ಬೆಲೆ ವರ್ಷಕ್ಕೆ ಶೇ 8 ಏರುತ್ತದೆ ಎಂದು ನಂಬುವುದಾದರೆ (ನಮ್ಮ ಮಟ್ಟಿಗೆ ಇದೇ ಧಾರಾಳದ ನಂಬಿಕೆ) ಕೊಡಬಹುದಾದ ಬೆಲೆ ಎಷ್ಟು? 52 ಲಕ್ಷ. ಅದಕ್ಕೆ ಒಟ್ಟು 58.9, ಸಾಲ 39.7, ಕಂತು 34,452, ಕೈಯಿಂದ ತಿಂಗಳಿಗೆ 21,360. ಈ ಅಂಕಿಯನ್ನೇ ಮಾರುವವರ ಮುಂದಿಟ್ಟರು. “ಐವತ್ತೆರಡಕ್ಕ ನಾವು ಕೊಡಂಗಿಲ್ರೀ, ಐವತ್ತೊಂಬತ್ತು ಕಡೀ ಮಾತು” ಎಂದು ಹಿರಿಯ ಮಗ ಎದ್ದ. ಏಳು ಲಕ್ಷದ ಅಂತರ ಕೂಡಲಿಲ್ಲ. ವಕೀಲರು, ಎಂಜಿನಿಯರ್, ವ್ಯಾಲ್ಯುಯರ್, ಪ್ರಮಾಣಪತ್ರಗಳಿಗೆ ಹೋದದ್ದು ಸುಮಾರು 14,000. ಸಂಚಕಾರ ಕೊಟ್ಟಿರಲಿಲ್ಲವಾದ್ದರಿಂದ ನಷ್ಟ ಅಷ್ಟೇ.

ಆ ಮನೆಯನ್ನು 59ಕ್ಕೆ ಕೊಂಡವರಿದ್ದಾರೆ. ಅವರು ಕೆಳಗಿನ ಮನೆಯಲ್ಲಿ ತಾವೇ ಇರುವವರು, ಹೈಕೋರ್ಟ್ ಪೀಠದಲ್ಲಿ ಕೆಲಸ, ಮಕ್ಕಳ ಶಾಲೆ ಹತ್ತಿರ. ಸ್ವಂತ ವಾಸದ ಮನೆಗೆ ಹತ್ತಿರದ ಶಾಲೆ, ನೆಮ್ಮದಿ ಎಲ್ಲಕ್ಕೂ ಬೆಲೆ ಕಟ್ಟಬಹುದು, ಹಾಗಾಗಿ ವಾಸಕ್ಕೆ ಕೊಳ್ಳುವವರ ಎದುರು ಬಾಡಿಗೆಗೆ ಕೊಳ್ಳುವವರು ಬೆಲೆಯಲ್ಲಿ ಗೆಲ್ಲುವುದು ಕಷ್ಟ. ಬಾಡಿಗೆಗೆಂದೇ ಹುಡುಕುವವರು ವಾಸಕ್ಕೆ ಕೊಳ್ಳುವವರಿಗೆ ಅಷ್ಟಾಗಿ ಬೇಡವಾದ ಆಸ್ತಿ ನೋಡಬೇಕು: ಆಸ್ಪತ್ರೆಗೆ ಹತ್ತಿರದ ಸಣ್ಣ ಫ್ಲ್ಯಾಟು, ಒಂದು ಬೆಡ್‌ರೂಮಿನ ಜೋಡಿ ಮನೆ.

ಈ ದಂಪತಿ ಈಗ ಹುಬ್ಬಳ್ಳಿಯ ವಿದ್ಯಾನಗರದ ಮೆಡಿಕಲ್ ಕಾಲೇಜಿನ ಸುತ್ತ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯ ಕಡೆ ನೋಡುತ್ತಿದ್ದಾರೆ. ಹಾಕಿಕೊಂಡ ಮಿತಿ: ಸಾಲ 25 ಲಕ್ಷ ಮೀರಬಾರದು, ಅವಧಿ 15 ವರ್ಷ, ಕಂತು 24,618, ಬಾಡಿಗೆ ಕಳೆದು ಸಂಬಳದಿಂದ ತುಂಬುವುದು 15,000 ದಾಟಬಾರದು. ಫ್ಲ್ಯಾಟಾದರೆ ಜಾಗದ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಖರೇದಿ ಪತ್ರದಲ್ಲೇ ನೋಡಿಕೊಳ್ಳಬೇಕು, ಏರುವ ಭಾಗ ಅದೇ. ತಾತ್ವಿಕ ಮಂಜೂರಾತಿಗೆ ಮೂರೋ ಆರೋ ತಿಂಗಳ ಅವಧಿ ಇರುತ್ತದೆ. ಅಷ್ಟರೊಳಗೆ ಆಸ್ತಿ ಸಿಗದಿದ್ದರೆ ಅದೇ ಬ್ಯಾಂಕಿನಲ್ಲಿ ನವೀಕರಿಸಿಕೊಳ್ಳಬೇಕು. ಸಿಟ್ಟಿನಲ್ಲಿ ನಾಲ್ಕು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಿದರೆ ಸಿಬಿಲ್ ವರದಿಯಲ್ಲಿ ನಾಲ್ಕು ವಿಚಾರಣೆ ಏರಿ ಕೂತಿರುತ್ತವೆ.